‘ಕುಡಿತಾರೆ ಸಾರ್’ ಅಂದ ಆ ರಾತ್ರಿ: ಒಂದು ಮನೆ, ಎರಡು ಕ್ಲೇಮು

ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ನಾನು ಹನ್ನೊಂದು ವರ್ಷದಿಂದ ಕೂರುತ್ತಿದ್ದೇನೆ. ಕಾರ್ಡು ಹಿಡಿದು ಬರುವವರ ಫಾರಂ ತುಂಬುವುದು, ಟಿಪಿಎಗೆ, ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಸಂಸ್ಥೆಗೆ ಕಳಿಸುವುದು, ಒಪ್ಪಿಗೆ ಬಂದರೆ ಹೇಳುವುದು, ಬರದಿದ್ದರೂ ನಾನೇ ಹೇಳುವುದು. ಕುಡಿತಕ್ಕೆ ಸಂಬಂಧಿಸಿದ ಕೇಸುಗಳಲ್ಲಿ ‘ಬರಲಿಲ್ಲ’ ಅಂತ ಹೇಳಿದ್ದೇ ಜಾಸ್ತಿ. ಅಂಥ ಒಂದು ಮನೆಯ ಕಥೆಯನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಆ ಮನೆಯವರು ಒಪ್ಪಿದ್ದಾರೆ. ವಯಸ್ಸು, ಕೆಲಸ, ದುಡ್ಡಿನ ಲೆಕ್ಕ ಇವನ್ನು ಸ್ವಲ್ಪ ಬದಲಿಸಿದ್ದೇನೆ. ಹೆಸರು ಬೇಡ. ಆ ಮನೆಯ ಹೆಣ್ಣುಮಗಳನ್ನು ನಾನು ಮೊದಲಿಂದಲೂ ಅಕ್ಕ ಅಂತಲೇ ಕರೆಯುವುದು. ಹಾಗಾಗಿ ಅವರ ಯಜಮಾನರು ಇಲ್ಲಿ ಭಾವ.

ಮನೆ

ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ನಾಲೆ ನೀರಿನ ಒಂದೂವರೆ ಎಕರೆ ಕಬ್ಬು. ಭಾವನಿಗೆ ಆಗ ನಲವತ್ತನಾಲ್ಕು ವರ್ಷ. ಆಲೆಮನೆಯಲ್ಲಿ ಪಾಕ ನೋಡುವ ಕೆಲಸ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲನ್ನು ಯಾವಾಗ ಇಳಿಸಬೇಕು ಅಂತ ಬಣ್ಣ ನೋಡಿ, ವಾಸನೆ ಹಿಡಿದು ಹೇಳಬಲ್ಲವರು ಊರಿಗೆ ಒಬ್ಬರೋ ಇಬ್ಬರೋ. ಒಂದು ನಿಮಿಷ ತಡವಾದರೆ ಬೆಲ್ಲ ಕಪ್ಪಾಗುತ್ತದೆ. ಆ ಕೈಗೆ ಸುತ್ತಮುತ್ತ ಒಳ್ಳೇ ಹೆಸರಿತ್ತು.

ಕುಡಿತ ಶುರುವಾದದ್ದೂ ಅಲ್ಲೇ. ಬೆಳಗಿನ ಜಾವದಿಂದ ಒಲೆಯ ಕಾವು. ಮೈಕೈ ನೋವಿಗೆ ಅಂತ ಸಂಜೆ ಒಂದು ತೊಂಬತ್ತು. ಅದು ಕ್ವಾರ್ಟರ್ ಆಯಿತು. ಆಮೇಲೆ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಲು ಶುರು. ನಡುಕ ನಿಲ್ಲಿಸಲು ಮತ್ತೊಂದು ಪ್ಯಾಕೆಟ್. ಇಷ್ಟು ಹೊತ್ತಿಗೆ ಅದು ಚಟದ ಹಂತ ದಾಟಿ ಕಾಯಿಲೆಯಾಗಿತ್ತು. ಮನೆಯಲ್ಲಿ ಯಾರೂ ಅದನ್ನು ಕಾಯಿಲೆ ಅಂತ ಕರೆದಿರಲಿಲ್ಲ, ಅಷ್ಟೇ.

ಅಕ್ಕ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗುತ್ತಾರೆ. ಸಂಬಳ ಹನ್ನೆರಡು ಸಾವಿರದ ಚಿಲ್ಲರೆ. 2022ರಲ್ಲಿ ಪರಿಚಯದ ಏಜೆಂಟೊಬ್ಬರು ಮನೆಗೆ ಬಂದು, ಗಂಡ, ಹೆಂಡತಿ, ಮಗಳು ಮೂವರಿಗೂ ಸೇರಿ 5 ಲಕ್ಷದ ಆರೋಗ್ಯ ವಿಮೆ ಮಾಡಿಸಿದರು. ಪ್ರೀಮಿಯಂ ಕಟ್ಟಲು ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದರು. ಫಾರಂನಲ್ಲಿ ಕುಡಿತ, ಬೀಡಿ, ತಂಬಾಕು ಇದೆಯಾ ಅಂತ ಒಂದು ಪ್ರಶ್ನೆ ಇರುತ್ತದೆ. ಏಜೆಂಟ್ ಅಕ್ಕನ ಮುಖ ನೋಡಿದರು. ಅಕ್ಕ ನೆಲ ನೋಡಿದರು. ‘ಇಲ್ಲ’ ಅನ್ನುವ ಕಡೆ ಗುರುತು ಬಿತ್ತು. ಅಕ್ಕ ಇದನ್ನು ನನಗೆ ಹೇಳಿದ್ದು ಬಹಳ ದಿನ ಕಳೆದ ಮೇಲೆ.

ಕುಡಿತ ಬಿಡಿಸಲು ಏನೂ ಮಾಡಿರಲಿಲ್ಲ ಅಂತಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಹತ್ತಿರದ ಊರಿನಲ್ಲಿ ನಡೆದಾಗ ಭಾವ ಹೋಗಿದ್ದರು. ಐದು ತಿಂಗಳು ಮುಟ್ಟಲಿಲ್ಲ. ಆ ಐದು ತಿಂಗಳು ಮನೆ ಮನೆಯಾಗಿತ್ತು ಅನ್ನುತ್ತಾರೆ ಅಕ್ಕ. ಆಮೇಲೆ ಒಂದು ಸಾವಿನ ಮನೆಯಲ್ಲಿ ಮತ್ತೆ ಶುರುವಾಯಿತು. ಇನ್ನೊಂದು ಸಲ ಯಾರೋ ಕೊಟ್ಟ ಮಾತ್ರೆಯನ್ನು ಪುಡಿ ಮಾಡಿ, ಗಂಡನಿಗೆ ಗೊತ್ತಿಲ್ಲದ ಹಾಗೆ ಉಪ್ಸಾರಿಗೆ ಬೆರೆಸಿದರು. ಅವತ್ತು ಭಾವ ಕುಡಿದು ಬಂದು ಊಟ ಮಾಡಿದ್ದೇ ತಡ, ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿ ಮಾಡಿ ಬಿದ್ದುಬಿಟ್ಟರು. ಅದು ಡೈಸಲ್ಫಿರಾಮ್ ಇರಬೇಕು. ಕುಡಿದವರ ಮೈಯಲ್ಲಿ ಅದು ವಿಷದ ಹಾಗೆ ಕೆಲಸ ಮಾಡುತ್ತದೆ. ರೋಗಿಗೆ ತಿಳಿಸಿ, ಒಪ್ಪಿಸಿ, ಡಾಕ್ಟರ ಕಣ್ಗಾವಲಲ್ಲಿ ಕೊಡುವ ಮಾತ್ರೆ ಅದು. ಸಾರಿಗೆ ಬೆರೆಸುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ದಯವಿಟ್ಟು ಮಾಡಬೇಡಿ. ಜೀವ ಹೋಗಬಹುದು.

ಗೌರಿ ಹಬ್ಬದ ಮೂರು ದಿನ

2024ರ ಸೆಪ್ಟೆಂಬರ್. ಗೌರಿ ಹಬ್ಬಕ್ಕೆ ನೆಂಟರು ಬರುವವರಿದ್ದರು. ಅವರ ಮುಂದೆ ಮರ್ಯಾದೆ ಹೋಗಬಾರದು ಅಂತ ಅಕ್ಕನ ತಮ್ಮ ಒಂದು ತೀರ್ಮಾನ ಮಾಡಿದ. ಹಬ್ಬಕ್ಕೆ ಎರಡು ದಿನ ಮುಂಚೆ ಭಾವನನ್ನು ಹಿಂದಿನ ಕೋಣೆಗೆ ಸೇರಿಸಿ ಚಿಲಕ ಹಾಕಿದರು. ಊಟ, ನೀರು, ಬೀಡಿ ಎಲ್ಲ ಕೊಟ್ಟರು. ಎಣ್ಣೆ ಮಾತ್ರ ಇಲ್ಲ. ಮೂರು ದಿನ ತಡೆದರೆ ಸರಿಹೋಗುತ್ತಾನೆ ಅನ್ನುವುದು ಅವರ ಲೆಕ್ಕ.

ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೈಗೆ ಅದೇ ದೊಡ್ಡ ಪೆಟ್ಟು. ಮೊದಲ ದಿನದೊಳಗೆ ನಡುಕ, ಬೆವರು ಬರುತ್ತದೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಕೆಲವರಿಗೆ ಎರಡನೇ ದಿನದಿಂದ ನಾಲ್ಕನೇ ದಿನದ ಮಧ್ಯೆ ಬುದ್ಧಿ ಸ್ಥಿಮಿತ ತಪ್ಪುತ್ತದೆ. ಡಾಕ್ಟರುಗಳು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಸಾಯಲೂಬಹುದು.

ಭಾವನಿಗೆ ಎರಡನೇ ದಿನ ಫಿಟ್ಸ್ ಬಂತು. ಕೈಗೆ ಬೀಗದ ಕೈ ಕೊಟ್ಟರು. ಫಿಟ್ಸ್ ನಿಂತದ್ದು ತಾನಾಗೇ, ಬೀಗದ ಕೈಯಿಂದಲ್ಲ. ಹಬ್ಬದ ರಾತ್ರಿ ಕೋಣೆಯಿಂದ ಮಾತು ಕೇಳಿಸಿತು. ಅಕ್ಕ ಚಿಲಕ ತೆಗೆದು ನೋಡಿದರೆ, ಭಾವ ಗೋಡೆಯ ಕಡೆ ತಿರುಗಿ ನಿಂತಿದ್ದಾರೆ. ಎರಡು ಕೈಯಲ್ಲೂ ಏನೋ ಉದ್ದನೆಯದನ್ನು ಹಿಡಿದ ಹಾಗೆ ಮಾಡಿ, ಗಾಳಿಯಲ್ಲಿ ಪಾಕ ತಿರುವುತ್ತಿದ್ದಾರೆ. ನಡುನಡುವೆ ನಿಲ್ಲಿಸಿ, ಬಗ್ಗಿ ನೋಡಿ, ‘ಬೆಂಕಿ ತೆಗೀರೋ, ಬಣ್ಣ ಬಂತು’ ಅನ್ನುತ್ತಿದ್ದಾರೆ. ಹೆಂಡತಿ ಯಾರು ಅಂತ ಗುರುತಿಲ್ಲ. ಅಂಗಿ ಒದ್ದೆಯಾಗಿ ಮೈಗೆ ಅಂಟಿಕೊಂಡಿದೆ.

ಆಂಬ್ಯುಲೆನ್ಸಿನಲ್ಲಿ ನಮ್ಮ ಆಸ್ಪತ್ರೆಗೆ ಬಂದಾಗ ರಾತ್ರಿ ಹನ್ನೊಂದಾಗಿತ್ತು. ಅವತ್ತು ನಂದು ನೈಟ್ ಡ್ಯೂಟಿ. ದಾರಿಯಲ್ಲೇ ಅಕ್ಕನ ತಮ್ಮ ಏಜೆಂಟಿಗೆ ಫೋನ್ ಮಾಡಿದ್ದ. ಕುಡಿತದ ವಿಷಯ ಎತ್ತಬೇಡಿ, ಎತ್ತಿದರೆ ಕ್ಲೇಮು ಹೋಗುತ್ತದೆ ಅಂತ ಆ ಕಡೆಯಿಂದ ಉತ್ತರ ಬಂದಿತ್ತು. ಹಾಗಾಗಿ ಡಾಕ್ಟರು ಕೇಳಿದಾಗ ತಮ್ಮ ಹೇಳಿದ್ದು, ‘ಇಲ್ಲ ಸಾರ್, ಏನೂ ಅಭ್ಯಾಸ ಇಲ್ಲ. ಜ್ವರ ಬಂದಿತ್ತು, ಫಿಟ್ಸ್ ಆಯ್ತು.’

ಜ್ವರ, ಫಿಟ್ಸ್, ಗುರುತು ಸಿಗದ ಸ್ಥಿತಿ. ಡ್ಯೂಟಿ ಡಾಕ್ಟರು ಮಿದುಳು ಜ್ವರ ಇರಬಹುದು ಅಂದುಕೊಂಡರು. ತಲೆಯ ಸ್ಕ್ಯಾನಿಗೆ ಬರೆದರು. ಬೆನ್ನಿನಿಂದ ನೀರು ತೆಗೆಯುವ ಮಾತಾಯಿತು. ಗ್ಲೂಕೋಸ್ ಬಾಟಲಿ ತರಿಸಿದರು.

ಅಕ್ಕ ನನ್ನ ಕೌಂಟರಿನ ಮುಂದೆ ನಿಂತಿದ್ದರು. ಕಾರ್ಡು ಕೊಟ್ಟ ಕೈ ಹಿಂದಕ್ಕೆ ಹೋಗಲಿಲ್ಲ. ‘ನಿಜ ಯೋಳ್ಬುಟ್ರೆ ದುಡ್ಡು ಬರಾಕಿಲ್ವಾ ಮೇಡಂ?’ ಅಂದರು.

ಆ ಪ್ರಶ್ನೆಗೆ ನಾನು ಏನು ಹೇಳಬೇಕಿತ್ತು? ಬರುತ್ತದೆ ಅಂದರೆ ಸುಳ್ಳು. ಬರುವುದಿಲ್ಲ ಅಂದರೆ ಇವರು ಬಾಯಿ ಮುಚ್ಚಿಕೊಳ್ಳುತ್ತಾರೆ. ನಾನು ಹೇಳಿದೆ: ‘ದುಡ್ಡು ಬರದೇ ಇರಬಹುದು ಅಕ್ಕ. ಆದರೆ ಒಳಗಿರೋರು ಡಾಕ್ಟರು, ಇನ್ಶೂರೆನ್ಸ್ ಕಂಪನಿ ಅಲ್ಲ. ಅವರಿಗೆ ಹೇಳಿ.’

ಅಕ್ಕ ಸೀದಾ ಒಳಗೆ ಹೋದರು. ‘ಕುಡಿತಾರೆ ಸಾರ್. ದಿನಾ ಕುಡಿತಾರೆ. ಮೂರು ದಿನ್ದಿಂದ ನಾವೇ ಕೊಟ್ಟಿಲ್ಲ. ಕೋಣೇಲಿ ಕೂಡಾಕಿದ್ದೊ.’ ತಮ್ಮ ಅವರ ತೋಳು ಹಿಡಿದು ಎಳೆದ. ಅವರು ಬಿಡಿಸಿಕೊಂಡರು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಗ್ಲೂಕೋಸ್ ನಿಲ್ಲಿಸಿ ಮೊದಲು ಥಯಾಮಿನ್, ಅಂದರೆ ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟರು. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಅದು ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗುವ ಅಪಾಯ ಇದೆ ಅಂತ ಡಾಕ್ಟರು ಆಮೇಲೆ ವಿವರಿಸಿದರು. ಲೊರಾಜೆಪಾಮ್ ಕೊಟ್ಟು ಐಸಿಯುಗೆ ಹಾಕಿದರು. ನಾಲ್ಕನೇ ದಿನ ಬೆಳಿಗ್ಗೆ ಭಾವ ಹೆಂಡತಿಯನ್ನು ನೋಡಿ, ಹಬ್ಬ ಮುಗೀತಾ ಅಂತ ಕೇಳಿದರು.

ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಅಕ್ಕನ ಆ ನಾಲ್ಕು ಮಾತು. ಅದರಿಂದ ಕ್ಲೇಮು ಹೋಯಿತು. ಮನುಷ್ಯ ಉಳಿದರು.

ಐವತ್ತು ನಿಮಿಷದ ಉತ್ತರ

ಆಸ್ಪತ್ರೆಗೆ ವಿಮಾ ಕಂಪನಿಯೇ ನೇರವಾಗಿ ದುಡ್ಡು ಕಟ್ಟಲಿ ಅಂತ ಕೇಳುವ ಕ್ಯಾಷ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು ಅಂತ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿದೆ. ನಮಗೆ ಐವತ್ತು ನಿಮಿಷದಲ್ಲೇ ಬಂತು. ಡಾಕ್ಟರು ಕಾಯಿಲೆಯ ಕೋಡ್ ಎಫ್ 10.4 ಅಂತ ಬರೆದಿದ್ದರು. ಕುಡಿತ ನಿಂತಾಗ ಬರುವ ಸನ್ನಿಗೆ ಅದೇ ಸರಿಯಾದ ಕೋಡ್. ಉತ್ತರದಲ್ಲಿ ಒಂದೇ ಸಾಲು: ಹೊರಗಿಟ್ಟ ಅಂಶ ಸಂಖ್ಯೆ 12ರ ಪ್ರಕಾರ ತಿರಸ್ಕರಿಸಲಾಗಿದೆ.

ಈ 12ನ್ನು ಎಲ್ಲರೂ ತಿಳಿದುಕೊಂಡಿರಬೇಕು. 2019ರ ಸೆಪ್ಟೆಂಬರಿನಲ್ಲಿ ಐಆರ್‌ಡಿಎಐ, ಯಾವುದಕ್ಕೆ ವಿಮೆ ಸಿಗುವುದಿಲ್ಲ ಅನ್ನುವುದನ್ನು ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಬರೆದುಕೊಟ್ಟಿತು. ಅದರಲ್ಲಿ 12ನೆಯದು ಕುಡಿತ, ಮಾದಕ ವಸ್ತು ಅಥವಾ ಯಾವುದೇ ವ್ಯಸನದ ಚಿಕಿತ್ಸೆ ಮತ್ತು ಅದರ ಪರಿಣಾಮಗಳು. ‘ಪರಿಣಾಮಗಳು’ ಅನ್ನುವ ಆ ಕೊನೆಯ ಪದ ಬಲೆಯಿದ್ದ ಹಾಗೆ. ಬಹಳಷ್ಟು ಸಿಕ್ಕಿಹಾಕಿಕೊಳ್ಳುತ್ತದೆ.

ಆದರೆ ದೇಶದ ಕಾನೂನು ಬೇರೆ ಮಾತು ಹೇಳುತ್ತದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಆಯಿತು, 2018ರ ಮೇ 29ರಿಂದ ಜಾರಿಯಲ್ಲಿದೆ. ಮಾನಸಿಕ ಕಾಯಿಲೆ ಅಂದರೆ ಏನು ಅಂತ ಅದರಲ್ಲಿ ಹೇಳಿರುವ ಕಡೆ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ಅದೇ ಕಾಯ್ದೆಯ 21ನೇ ಸೆಕ್ಷನ್ನಿನ 4ನೇ ಉಪಸೆಕ್ಷನ್, ಮೈ ಕಾಯಿಲೆಗೆ ಹೇಗೆ ವಿಮೆ ಕೊಡುತ್ತೀರೋ ಮನಸ್ಸಿನ ಕಾಯಿಲೆಗೂ ಹಾಗೇ ಕೊಡಬೇಕು ಅನ್ನುತ್ತದೆ. ಖಿನ್ನತೆ, ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳಿಗೆ ಇದರಿಂದ ದಾರಿಯಾಗಿದೆ. ಕುಡಿತದ ಕಾಯಿಲೆ ಮಾತ್ರ ಕಾಯ್ದೆಗೂ 12ನೇ ಅಂಶಕ್ಕೂ ಮಧ್ಯೆ ಸಿಕ್ಕಿ ಒದ್ದಾಡುತ್ತಿದೆ. ಇದು ಅನ್ಯಾಯ ಅಂತಲೇ ನನಗೆ ಅನಿಸುತ್ತದೆ. ಸಕ್ಕರೆ ಕಾಯಿಲೆಯವರು ಪಥ್ಯ ಬಿಟ್ಟು ಲಡ್ಡು ತಿಂದು ಐಸಿಯು ಸೇರಿದರೆ, ಲಡ್ಡು ಯಾಕೆ ತಿಂದಿರಿ ಅಂತ ಯಾವ ಕಂಪನಿಯೂ ಕೇಳುವುದಿಲ್ಲ ಅಲ್ವಾ?

ಬಿಲ್ಲು 1,46,000 ರೂಪಾಯಿ ಆಯಿತು. ಅಕ್ಕನ ಓಲೆ, ಸರ, ಮಗಳಿಗೆ ಅಂತ ಮಾಡಿಸಿದ್ದ ಬಳೆ ಅಡವಿಗೆ ಹೋದವು. ಅದೂ ಸಾಲದೆ, ಊರಿನಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ಎತ್ತಿದರು.

ಲೆಟರ್‌ಪ್ಯಾಡ್ ಬಿಲ್ಲು

ಡಿಸ್ಚಾರ್ಜ್ ಆಗುವಾಗ ಮನೋವೈದ್ಯರನ್ನು ಕಾಣಲು ಬರೆದುಕೊಟ್ಟಿದ್ದರು. ಆ ಚೀಟಿ ಪರ್ಸಿನಲ್ಲೇ ಉಳಿಯಿತು. ಮೂರು ವಾರದಲ್ಲಿ ಭಾವ ಮತ್ತೆ ಕುಡಿಯತೊಡಗಿದರು. ಆಗ ಯಾರೋ ಮೈಸೂರಿನ ಹೊರವಲಯದ ಒಂದು ವ್ಯಸನಮುಕ್ತಿ ಕೇಂದ್ರದ ನಂಬರ್ ಕೊಟ್ಟರು. ಮೂರು ತಿಂಗಳ ಪ್ಯಾಕೇಜು. ಮುಂಗಡ 45,000. ಇನ್ಶೂರೆನ್ಸಿಗೆ ಬಿಲ್ಲು ಕೊಡುತ್ತೇವೆ ಅಂದರು. ಅಕ್ಕಪಕ್ಕದವರಿಗೆ ಗೊತ್ತಾಗದ ಹಾಗೆ ರಾತ್ರಿ ಬಂದು ಕರೆದುಕೊಂಡು ಹೋಗುತ್ತೇವೆ ಅಂದದ್ದು ತಮ್ಮನಿಗೆ ಬಹಳ ಹಿಡಿಸಿತು. ನಾಲ್ಕು ಜನ ಕಾರಿನಲ್ಲಿ ಬಂದು, ಮಲಗಿದ್ದವರನ್ನು ಎತ್ತಿಕೊಂಡು ಹೋದರು.

ಇಪ್ಪತ್ತನಾಲ್ಕು ದಿನ ಫೋನಿಲ್ಲ, ಭೇಟಿಯಿಲ್ಲ. ಇಪ್ಪತ್ತೈದನೇ ದಿನ ಅಕ್ಕ ಹಟ ಹಿಡಿದು ಒಳಗೆ ಹೋದರು. ಒಂದು ಹಾಲಿನಲ್ಲಿ ಮೂವತ್ತು ಜನ. ಡಾಕ್ಟರು ಯಾವಾಗ ಬರುತ್ತಾರೆ ಅಂದರೆ ಉತ್ತರವಿಲ್ಲ. ಭಾವನ ಮಣಿಕಟ್ಟಿನ ಮೇಲೆ ಹಗ್ಗದ ಗುರುತು. ಅವತ್ತೇ ವಾಪಸ್ ಕರೆತಂದರು. ಮುಂಗಡದಲ್ಲಿ ಒಂದು ಪೈಸೆ ಹಿಂದಿರುಗಲಿಲ್ಲ.

ಅಕ್ಕ ಆ ಬಿಲ್ಲು ಹಿಡಿದು ನನ್ನ ಕೌಂಟರಿಗೆ ಬಂದರು. ಬರೀ ಲೆಟರ್‌ಪ್ಯಾಡು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಇರಬೇಕಾದ ನೋಂದಣಿ ಸಂಖ್ಯೆ ಇಲ್ಲ. ಡಾಕ್ಟರ ಸಹಿ ಇಲ್ಲ. ದಿನದಿನದ ಚಿಕಿತ್ಸೆಯ ದಾಖಲೆ ಇಲ್ಲ. ವಿಮೆಯ ಲೆಕ್ಕದಲ್ಲಿ ಆಸ್ಪತ್ರೆ ಅನ್ನಿಸಿಕೊಳ್ಳಲು ನೋಂದಣಿ ಇರಬೇಕು, ಇಲ್ಲವೇ ಗೊತ್ತುಪಡಿಸಿದ ಸೌಕರ್ಯಗಳೆಲ್ಲ ಇರಬೇಕು: 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಾದರೆ ಕನಿಷ್ಠ 10 ಹಾಸಿಗೆ, ಇಪ್ಪತ್ನಾಲ್ಕು ಗಂಟೆ ಡಾಕ್ಟರು, ನರ್ಸು. 12ನೇ ಅಂಶ ಇಲ್ಲದೇ ಇದ್ದಿದ್ದರೂ ಈ ಬಿಲ್ಲಿಗೆ ದುಡ್ಡು ಬರುತ್ತಿರಲಿಲ್ಲ. ಜೊತೆಗೆ, ಮಾನಸಿಕ ಕಾಯಿಲೆಯವರನ್ನು ಕಟ್ಟಿಹಾಕಿ ಕೂಡಿಡುವುದನ್ನು 2017ರ ಕಾಯ್ದೆ ಒಪ್ಪುವುದಿಲ್ಲ.

ಅಲ್ಲೇ ಕೂತು ಅಕ್ಕ ಲೆಕ್ಕ ಹಾಕಿದರು. ಫಾರಂನಲ್ಲಿ ಸುಳ್ಳು ಗುರುತು, ಕೋಣೆಯ ಚಿಲಕ, ಡಾಕ್ಟರಿಗೆ ಹೇಳಿದ ಸುಳ್ಳು, ರಾತ್ರಿ ಬಂದ ಕಾರು. ‘ಎಲ್ಲಾ ಮುಚ್ಚಿಡಾಕೇ ಮಾಡಿದ್ದು ಕಣವ್ವ. ಮುಚ್ಚಿಟ್ಟಿದ್ದಕ್ಕೇ ಎರಡು ಲಕ್ಷ ಆಯ್ತು’ ಅಂದರು.

ಸಂಬಳದ ಚೀಟಿ

ಎರಡನೇ ತಿರುವು ಅಕಸ್ಮಾತ್ ಬಂದದ್ದು. ಸಾಲಕ್ಕೆ ಬೇಕಾಗುತ್ತದೆ ಅಂತ ಅಕ್ಕ ತಮ್ಮ ಸಂಬಳದ ಚೀಟಿಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು. ಬಿಲ್ಲು ತೆಗೆಯುವಾಗ ಅದೂ ಹೊರಗೆ ಬಂತು. ಅದರಲ್ಲಿ ಒಂದು ಸಾಲು: ಇಎಸ್‌ಐ, ತೊಂಬತ್ತು ಚಿಲ್ಲರೆ ರೂಪಾಯಿ. ಕಾರ್ಮಿಕರಿಗೆ ಅಂತ ಇರುವ ಸರ್ಕಾರಿ ವಿಮೆ ಅದು.

ನಾನು ಅದನ್ನು ಸೆಪ್ಟೆಂಬರಿನಲ್ಲೇ ಕೇಳಬೇಕಿತ್ತು. ಖಾಸಗಿ ಪಾಲಿಸಿಯ ಕಾರ್ಡು ಕಣ್ಣಿಗೆ ಬಿತ್ತು, ಬೇರೇನೂ ಇದೆಯಾ ಅಂತ ಕೇಳಲಿಲ್ಲ. ಆ ತಪ್ಪು ನನ್ನದು.

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಕಾರ್ಮಿಕರು ಇಎಸ್‌ಐಗೆ ಬರುತ್ತಾರೆ. ಸಂಬಳದಲ್ಲಿ ನೂರಕ್ಕೆ 75 ಪೈಸೆ ನಮ್ಮಿಂದ ಹೋಗುತ್ತದೆ, ಮೂರೂಕಾಲು ರೂಪಾಯಿ ಮಾಲೀಕರಿಂದ. ಚಿಕಿತ್ಸೆಯ ಸೌಲಭ್ಯ ಕೆಲಸ ಮಾಡುವವರಿಗಷ್ಟೇ ಅಲ್ಲ, ಮನೆಯವರಿಗೂ ಇದೆ. ಹೆಂಡತಿ ದುಡಿದರೆ ಗಂಡನಿಗೂ ಉಂಟು. ಇದು ಖಾಸಗಿ ಪಾಲಿಸಿಯಲ್ಲ, 12ನೇ ಅಂಶ ಇಲ್ಲಿ ಬರುವುದಿಲ್ಲ. ಅಕ್ಕನ ಸಂಬಳದಿಂದ ಏಳು ವರ್ಷದಿಂದ ದುಡ್ಡು ಹೋಗುತ್ತಿತ್ತು. ಒಂದು ಸಲವೂ ಬಳಸಿರಲಿಲ್ಲ.

ಅಕ್ಕನಿಗೆ ಗೊತ್ತಿರಲಿಲ್ಲ ಅಂತಲ್ಲ. ‘ಫ್ಯಾಕ್ಟ್ರೀಲಿ ಗೊತ್ತಾಯ್ತದಲ್ಲ’ ಅನ್ನುವ ಭಯ. ಲೈನಿನಲ್ಲಿ ಪಕ್ಕ ಕೂತು ಹೊಲಿಯುವವರೆಲ್ಲ ಅಕ್ಕಪಕ್ಕದ ಊರಿನವರೇ. ನಾನು ಹೇಳಿದೆ, ನೀವು ದವಾಖಾನೆಗೆ ಯಾವ ಕಾಯಿಲೆಗೆ ಹೋದಿರಿ ಅಂತ ಫ್ಯಾಕ್ಟರಿಗೆ ಹೇಳಬೇಕಾಗಿಲ್ಲ. ಮಾನಸಿಕ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಅನ್ನುವುದು ಕಾಯ್ದೆಯೇ ಕೊಟ್ಟ ಹಕ್ಕು. ಆದರೂ ಎರಡು ದಿನ ಯೋಚನೆ ಮಾಡಿದರು. ಮೂರನೇ ದಿನ ಎಚ್‌ಆರ್ ಹತ್ತಿರ ಹೋದರು. ಕಾರ್ಡಿನಲ್ಲಿ ಗಂಡನ ಹೆಸರು ಇತ್ತು, ಆಧಾರ್ ಜೋಡಿಸಿರಲಿಲ್ಲ. ಅಲ್ಲಿದ್ದ ಹುಡುಗಿ ಹತ್ತು ನಿಮಿಷದಲ್ಲಿ ಮಾಡಿಕೊಟ್ಟಳು. ಯಾಕೆ ಅಂತ ಕೇಳಲೂ ಇಲ್ಲ.

ಇಎಸ್‌ಐ ದವಾಖಾನೆಯ ಡಾಕ್ಟರು ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಬರೆದುಕೊಟ್ಟರು. ಮಂಡ್ಯದಲ್ಲಿ ಮಿಮ್ಸ್ ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ. ಕಾರ್ಡು ಇಲ್ಲದವರೂ ಇಂಥ ಕಡೆ ಹೋಗಬಹುದು, ಖರ್ಚು ಖಾಸಗಿಯ ಹತ್ತಿರಕ್ಕೂ ಬರುವುದಿಲ್ಲ. ಇನ್ನೊಂದು ಮಾತು. ಆಯುಷ್ಮಾನ್ ಕಾರ್ಡು ಇದೆಯಲ್ಲ ಅಂತ ನೇರವಾಗಿ ಯಾವುದೋ ಪುನರ್ವಸತಿ ಕೇಂದ್ರಕ್ಕೆ ಹೋಗಬೇಡಿ. ಆ ಯೋಜನೆಯಲ್ಲಿ ವ್ಯಸನದ ಪುನರ್ವಸತಿ ಸೇರಿಲ್ಲ.

ಈ ಸಲ ಭಾವನನ್ನು ಯಾರೂ ಎತ್ತಿಕೊಂಡು ಹೋಗಲಿಲ್ಲ. ಬಸ್ಸಿನಲ್ಲಿ ಹೆಂಡತಿ ಜೊತೆ ಹೋದರು. ದಾಖಲಾಗಲು ತಾವೇ ಒಪ್ಪಿ ಸಹಿ ಹಾಕಬೇಕಿತ್ತು. ಕೈ ನಡುಗುತ್ತಿತ್ತು. ಎರಡು ಸಲ ಬರೆದದ್ದನ್ನು ಹೊಡೆದುಹಾಕಿದರು. ಮೂರನೇ ಸಲ ಹೆಸರು ಸರಿಯಾಗಿ ಮೂಡಿತು. ‘ಇಷ್ಟು ದಿನ ಎಲ್ಲಾ ನನ್ನ ಮೇಲೆ ಮಾಡಿದ್ರು. ಇದೊಂದು ನಾನು ಮಾಡಿದ್ದು’ ಅಂತ ಆಮೇಲೆ ಒಂದು ಸಲ ನನಗೆ ಹೇಳಿದರು.

ಹದಿನಾರು ದಿನ ವಾರ್ಡಿನಲ್ಲಿದ್ದರು. ಬಸ್ಸು, ಊಟ, ಹೊರಗೆ ತಂದ ಒಂದೆರಡು ಔಷಧಿ ಸೇರಿ ಮನೆಯವರಿಗೆ ಆದ ಖರ್ಚು ನಾಲ್ಕು ಸಾವಿರದೊಳಗೆ. ಕುಡಿಯುವ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್ ಮಾತ್ರೆ, ಜೊತೆಗೆ ಸಮಾಲೋಚನೆ. ಒಂದು ದಿನ ಅಕ್ಕನನ್ನೂ ತಮ್ಮನನ್ನೂ ಕೂರಿಸಿ ಮಾತಾಡಿದರು. ತಮ್ಮ ಅವತ್ತು ಅತ್ತ ಅಂತ ಕೇಳಿದೆ.

ಫೆಬ್ರುವರಿಯಲ್ಲಿ, ಊರ ಹಬ್ಬದ ದಿನ, ಭಾವ ಮತ್ತೆ ಕುಡಿದರು. ಈ ಸಲ ಯಾರೂ ಚಿಲಕ ಹಾಕಲಿಲ್ಲ. ಅಕ್ಕ ರಾತ್ರಿಯೇ ಟೆಲಿಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ, ಅಂದರೆ 14416ಕ್ಕೆ ಫೋನ್ ಮಾಡಿದರು. ಅಲ್ಲಿಯವರು ಕನ್ನಡದಲ್ಲೇ ಮಾತಾಡಿದರು, ಧೈರ್ಯ ಹೇಳಿದರು, ಬೆಳಿಗ್ಗೆ ಒಪಿಡಿಗೆ ಕರೆದುಕೊಂಡು ಹೋಗಿ ಅಂದರು. ಹೋದರು. ಕುಡಿತ, ಮಾದಕ ವಸ್ತುವಿನಂಥ ವ್ಯಸನಗಳಿಗೆ ಅಂತಲೇ ಇರುವ 14446 ಅನ್ನುವ ರಾಷ್ಟ್ರೀಯ ಸಹಾಯವಾಣಿಯೂ ಇದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಸೋತ ಕ್ಲೇಮು

ಈ ನಡುವೆ ಮೊದಲ ಕ್ಲೇಮಿನ ಜಗಳ ನಡೆದೇ ಇತ್ತು. ಇಲ್ಲಿ ಒಂದು ಇಕ್ಕಟ್ಟಿತ್ತು. ಜಗಳ ಎತ್ತಿದರೆ ಕಂಪನಿ ಹಳೇ ಫಾರಂ ತೆಗೆದು, ಕುಡಿತ ಮುಚ್ಚಿಟ್ಟಿದ್ದೀರಿ ಅಂತ ಪಾಲಿಸಿಯನ್ನೇ ರದ್ದು ಮಾಡಬಹುದು. ಸತತ ಐದು ವರ್ಷ ಪಾಲಿಸಿ ನಡೆದ ಮೇಲಾದರೆ, ಮೋಸ ಅಂತ ಸಾಬೀತು ಮಾಡದೆ ಈ ಕಾರಣ ಹೇಳಲು ಬರುವುದಿಲ್ಲ. ಇವರದ್ದು ಇನ್ನೂ ಮೂರನೇ ವರ್ಷ. ಮಗಳಿಗೂ ಅದೇ ಪಾಲಿಸಿ. ಸುಮ್ನೆ ಇದ್ದುಬಿಡಿ ಅಂತ ನಾನೇ ಒಂದು ಸಲ ಹೇಳಿದೆ. ಅಕ್ಕ ಒಪ್ಪಲಿಲ್ಲ. ಇನ್ನು ಮುಚ್ಚಿಡುವುದು ಏನೂ ಇಲ್ಲ ಅಂದರು.

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆದೆವು. ಒಂದು ತಿಂಗಳಾದ ಮೇಲೆ ಅದೇ ಉತ್ತರ. ಆಮೇಲೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ತಕರಾರು ಕೇಳಿ ತೀರ್ಮಾನ ಮಾಡುವವರು. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ವಿಡಿಯೋದಲ್ಲಿ ವಿಚಾರಣೆ ಆಯಿತು. ಅಕ್ಕ ತಾವೇ ಮಾತಾಡಿದರು. ನಾನು 2017ರ ಕಾಯ್ದೆಯ ಮಾತನ್ನು ಬರೆದುಕೊಟ್ಟಿದ್ದೆ.

ಸೋತೆವು. ಪಾಲಿಸಿ ಅನ್ನುವುದು ಕರಾರು, ಕರಾರಿನಲ್ಲಿ ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ ಅನ್ನುವುದು ಆದೇಶದ ಸಾರ. ಓಂಬುಡ್ಸ್‌ಮನ್ ಆದೇಶ ನಮ್ಮನ್ನು ಕಟ್ಟಿಹಾಕುವುದಿಲ್ಲ, ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು. ಅಕ್ಕ ಬೇಡ ಅಂದರು. ರಜೆ ಹಾಕಿದರೆ ಸಂಬಳ ಹೋಗುತ್ತದೆ. ಅವರ ತೀರ್ಮಾನ ಸರಿ ಅಂತ ನನಗೂ ಅನಿಸಿತು. ಆದರೆ ಈ ಪ್ರಶ್ನೆಯನ್ನು ಯಾರಾದರೂ ಕೋರ್ಟಿನವರೆಗೆ ಒಯ್ಯಲೇಬೇಕು.

ಗೆದ್ದ ಕ್ಲೇಮು

2025ರ ಏಪ್ರಿಲ್. ಬೆಳಿಗ್ಗೆ ಐದೂವರೆಗೆ ಭಾವ ಮೊಪೆಡ್‌ನಲ್ಲಿ ಆಲೆಮನೆಗೆ ಹೊರಟಿದ್ದರು. ಟ್ರಾಕ್ಟರಿನಿಂದ ಬಿದ್ದ ಕಬ್ಬಿನ ಜಲ್ಲೆಗಳು ರಸ್ತೆಯ ಮೇಲಿದ್ದವು. ಗಾಡಿ ಜಾರಿತು. ಕಣಕಾಲಿನ ಮೂಳೆ ಮುರಿದು, ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಪ್ಲೇಟ್ ಹಾಕಿದರು. 84,000 ರೂಪಾಯಿ. ಡಿಸ್ಚಾರ್ಜ್ ಸಮರಿಯ ಮೊದಲ ಸಾಲಿನಲ್ಲೇ ಕಿರಿಯ ಡಾಕ್ಟರೊಬ್ಬರು ‘ಮದ್ಯ ವ್ಯಸನದ ರೋಗಿ’ ಅಂತ ಬರೆದಿದ್ದರು. ತಿರಸ್ಕಾರ ಬಂತು. ಮತ್ತೆ 12.

ಆ ಹಣೆಪಟ್ಟಿ ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ. ಬರೆದದ್ದನ್ನು ತೆಗೆಸಿಬಿಡೋಣ ಅಂತ ತಮ್ಮ ಹೇಳಿದ. ನಾವು ತೆಗೆಸಲಿಲ್ಲ. ಬರೆದದ್ದು ಸುಳ್ಳಲ್ಲ, ಅರ್ಧ ಮಾತ್ರ. ಉಳಿದ ಅರ್ಧವನ್ನು ಸೇರಿಸಿದೆವು. ಅಪಘಾತದ ದಿನ ಎಮರ್ಜೆನ್ಸಿಯಲ್ಲಿ ನೋಡಿದ ಡಾಕ್ಟರ ಟಿಪ್ಪಣಿಯಲ್ಲಿ, ಪ್ರಜ್ಞೆ ಸರಿಯಿದೆ, ಮದ್ಯದ ವಾಸನೆ ಇಲ್ಲ ಅಂತ ಇತ್ತು. ಅದರ ನಕಲು ತೆಗೆಸಿದೆವು. ಮನೋವೈದ್ಯ ವಿಭಾಗದ ಒಪಿಡಿ ಪುಸ್ತಕದ ಪುಟಗಳನ್ನೆಲ್ಲ ಜೆರಾಕ್ಸ್ ಮಾಡಿಸಿದೆವು. ಫೆಬ್ರುವರಿಯಲ್ಲಿ ಕುಡಿದದ್ದೂ ಅದರಲ್ಲಿ ಇದೆ, ಇರಲಿ ಅಂದೆವು. ಪತ್ರದಲ್ಲಿ ಎರಡೇ ಮಾತು ಬರೆದೆವು. ಹೊರಗಿಟ್ಟ ಅಂಶ ಅನ್ವಯಿಸುತ್ತದೆ ಅಂತ ತೋರಿಸುವ ಹೊಣೆ ಕಂಪನಿಯದ್ದು, ಈ ಮೂಳೆ ಮುರಿತ ಕುಡಿತದ ಪರಿಣಾಮ ಅನ್ನಲು ನಿಮ್ಮ ಹತ್ತಿರ ಏನು ಆಧಾರ ಇದೆ? ಮತ್ತು, ಕ್ಲೇಮು ತಿರಸ್ಕರಿಸುವ ಮುಂಚೆ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು ಅಂತ 2024ರ ಸುತ್ತೋಲೆ ಹೇಳುತ್ತದೆ, ಆ ಒಪ್ಪಿಗೆ ಪಡೆದಿದ್ದೀರಾ?

ಹತ್ತೊಂಬತ್ತನೇ ದಿನ 77,000 ರೂಪಾಯಿ ಅಕ್ಕನ ಖಾತೆಗೆ ಬಿತ್ತು. ಗ್ಲೌಸು, ಕಾಟನ್ನು ಅಂತ ಉಳಿದದ್ದು ಕಡಿತ. ಮಗಳ ಬಳೆ ಅಡವಿನಿಂದ ಹೊರಗೆ ಬಂತು.

ಈಗ ನನ್ನ ಕೌಂಟರಿಗೆ ಯಾರು ಬಂದರೂ ಮೊದಲು ಕೇಳುವುದು, ಮನೆಯಲ್ಲಿ ಯಾರಿಗಾದರೂ ಇಎಸ್‌ಐ ಇದೆಯಾ, ಕಂಪನಿ ಕೊಟ್ಟ ಗುಂಪು ವಿಮೆ ಇದೆಯಾ ಅಂತ. ಗುಂಪು ವಿಮೆಗಳಲ್ಲಿ ಕೆಲವು ಸಲ ಹೊರಗಿಟ್ಟ ಅಂಶಗಳನ್ನು ಸಡಿಲ ಮಾಡಿರುತ್ತಾರೆ, ಪಾಲಿಸಿಯ ಪ್ರತಿ ತರಿಸಿ ಓದಬೇಕು. ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸುತ್ತೇವೆ ಅಂದರೆ, ದುಡ್ಡು ಕಟ್ಟುವ ಮುಂಚೆ ನೋಂದಣಿ ಪತ್ರದ ಫೋಟೋ ಕಳಿಸಲು ಹೇಳಿ ಅನ್ನುತ್ತೇನೆ. ಕೊಡಲು ಹಿಂದೇಟು ಹಾಕಿದರೆ ಅಲ್ಲಿಗೆ ಹೋಗಬೇಡಿ.

ಜುಲೈನಲ್ಲಿ ಅಕ್ಕ ಒಂದು ಬಿಳಿ ಹಾಳೆ ತಂದರು. ಪಾಲಿಸಿ ನವೀಕರಣಕ್ಕೆ ಇನ್ನೂ ಸಮಯ ಇತ್ತು. 2022ರ ಫಾರಂನಲ್ಲಿ ‘ಇಲ್ಲ’ ಅಂತ ಇರುವುದನ್ನು ತಿದ್ದಿಸಬೇಕು, ಬರೆದುಕೊಡು ಅಂದರು. ರದ್ದಾಗಬಹುದು ಅಕ್ಕ ಅಂದೆ. ಗೊತ್ತು ಅಂದರು. ಯಜಮಾನರು ಕುಡಿಯುತ್ತಿದ್ದರು, ಚಿಕಿತ್ಸೆಯಲ್ಲಿದ್ದಾರೆ, ಆಗ ಹೇಳದೇ ಇದ್ದದ್ದು ನಮ್ಮ ತಪ್ಪು ಅಂತ ನಾಲ್ಕು ಸಾಲು ಬರೆದೆ. ಕೆಳಗೆ ಇಬ್ಬರೂ ಸಹಿ ಹಾಕಿದರು. ಆರು ವಾರದ ಮೇಲೆ ಉತ್ತರ ಬಂತು. ಪಾಲಿಸಿ ಮುಂದುವರಿಯುತ್ತದೆ, ನವೀಕರಣಕ್ಕೆ ಪ್ರೀಮಿಯಂ 2,300 ರೂಪಾಯಿ ಜಾಸ್ತಿ. ಅಕ್ಕ ಆ ಪತ್ರವನ್ನು ಮಡಿಸಿ, ಇಎಸ್‌ಐ ಕಾರ್ಡಿನ ಜೊತೆ ಒಂದೇ ಕವರಿನಲ್ಲಿ ಇಟ್ಟುಕೊಂಡು, ಸಂಜೆಯ ಬಸ್ಸಿಗೆ ಹೊರಟರು.